ಹಸಿರು ಗಂಡು, ನೀಲಿ ಹೆಣ್ಣು, ಮಡಕೆಯಲ್ಲಿ ಬಿಳಿ ಮರಿ: ಬಡ್ಜಿ ಬಣ್ಣಗಳ ಲೆಕ್ಕ

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದವರು. ಮಕ್ಕಳ ಹಠಕ್ಕೆ ಒಂದು ಜೋಡಿ ಬಡ್ಜಿ ತಂದೆವು. ಅಂಗಡಿಯವರು ಲವ್ ಬರ್ಡ್ಸ್ ಎಂದೇ ಕೊಟ್ಟರು. ಗಂಡು ಹಸಿರು, ಹೆಣ್ಣು ಆಕಾಶನೀಲಿ. ಪಂಜರದಲ್ಲಿ ಈ ಜೋಡಿ ಬಿಟ್ಟರೆ ಬೇರೆ ಹಕ್ಕಿ ಇಲ್ಲ. ಈ ಸಲ ಐದು ಮರಿ ಆಗಿವೆ: ಎರಡು ಹಸಿರು, ಎರಡು ನೀಲಿ, ಒಂದು ಮಾತ್ರ ಪೂರ್ತಿ ಬಿಳಿ, ಕಣ್ಣು ಕೆಂಪು. ಅದಕ್ಕೆ ಕಾಯಿಲೆ ಇದೆ, ಕಣ್ಣು ಕಾಣುವುದಿಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಮರದ ಗಿಳಿಯ ಜೊತೆ ಕ್ರಾಸ್ ಆಗಿರಬೇಕು ಎಂದವರೂ ಇದ್ದಾರೆ. ನಿಜ ಏನು? ಇಂಥ ಬಿಳಿ ಮರಿಗಳು ಇನ್ನಷ್ಟು ಬೇಕೆಂದರೆ ಇದನ್ನು ಇದರ ಅಪ್ಪ ಅಥವಾ ಅಣ್ಣನ ಜೊತೆ ಜೋಡಿ ಹಾಕಬಹುದೇ? ಅಂಗಡಿಯಲ್ಲಿ ವಯೊಲೆಟ್, ರೈನ್‌ಬೋ ಎಂದು ಹೆಚ್ಚು ಬೆಲೆ ಹೇಳುವ ಹಕ್ಕಿಗಳನ್ನು ತರುವುದು ಒಳ್ಳೆಯದೇ?

ಉತ್ತರ: ಬಿಳಿ ಮೈ, ಕೆಂಪು ಕಣ್ಣು ಕಾಯಿಲೆಯ ಲಕ್ಷಣವಲ್ಲ. ಕಣ್ಣು ಕೆಂಪು ಎಂದ ಮಾತ್ರಕ್ಕೆ ಮರಿ ಕುರುಡಲ್ಲ. ಅದು ಆಲ್ಬಿನೋ. ಗಿಳಿಯ ಜೊತೆ ಕ್ರಾಸ್ ಎಂಬ ಮಾತನ್ನು ಪೂರ್ತಿ ಬಿಟ್ಟುಬಿಡಿ. ನಮ್ಮ ಊರಿನ ಗಿಳಿಯೂ ಆಸ್ಟ್ರೇಲಿಯಾ ಮೂಲದ ಬಡ್ಜಿಯೂ ಕೂಡಿ ಮರಿ ಮಾಡುವುದಿಲ್ಲ. ಇನ್ನೊಂದು ವಿಷಯವನ್ನು ನಿಮ್ಮ ಹಕ್ಕಿಯನ್ನು ನೋಡದೆಯೇ ಹೇಳಬಲ್ಲೆ: ಆ ಬಿಳಿ ಮರಿ ಹೆಣ್ಣು. ಅದು ಹೇಗೆ ಗೊತ್ತಾಯಿತು ಎಂದು ವಿವರಿಸಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ಬಡ್ಜಿ ಸಾಕುವಾಗ ಕಣ್ಣಿಗೆ ಕಾಣುವ ಬಣ್ಣ ಎಷ್ಟು ಮುಖ್ಯವೋ, ಹಕ್ಕಿ ಒಳಗೆ ಹೊತ್ತುಕೊಂಡಿರುವ, ಹೊರಗೆ ಕಾಣದ ಬಣ್ಣವೂ ಅಷ್ಟೇ ಮುಖ್ಯ.

ಆಸ್ಟ್ರೇಲಿಯಾದ ಒಣ ಒಳನಾಡಿನಲ್ಲಿ ಇಂದಿಗೂ ಹಿಂಡು ಹಿಂಡಾಗಿ ಹಾರುವ ಕಾಡು ಬಡ್ಜಿ ಹಸಿರು. ಮುಖ ಹಳದಿ, ಬೆನ್ನ ಮೇಲೆ ಕಪ್ಪು ಗೆರೆ, ಕೆನ್ನೆಯಲ್ಲಿ ನೇರಳೆ ಮಚ್ಚೆ, ಗಂಟಲಲ್ಲಿ ಕಪ್ಪು ಚುಕ್ಕೆಗಳು. ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ತಂದ ಮೇಲೆ ಯುರೋಪಿನಲ್ಲಿ ಇವುಗಳ ಸಾಕಣೆ ಹಬ್ಬಿತು. ಅದೇ ಶತಮಾನ ಮುಗಿಯುವುದರೊಳಗೆ ಪಂಜರಗಳಲ್ಲಿ ಹಳದಿಯೂ ನೀಲಿಯೂ ಹುಟ್ಟಿಕೊಂಡವು. ಇಂದು ನಾವು ನೋಡುವ ಬಣ್ಣಗಳೆಲ್ಲ ಆ ಕಾಡು ಹಸಿರಿನಲ್ಲೇ ಏನೋ ಒಂದು ಕಳೆದುಹೋಗಿಯೋ, ಬದಲಾಗಿಯೋ ಬಂದವು.

ಆ ಹಸಿರು ಆಗುವುದಾದರೂ ಹೇಗೆ? ಗರಿಯಲ್ಲಿ ಹಳದಿ ಬಣ್ಣವಸ್ತು ಇದೆ, ಮೆಲನಿನ್ ಎಂಬ ಕಪ್ಪು ಬಣ್ಣವಸ್ತು ಇದೆ. ನೀಲಿ ಬಣ್ಣವಸ್ತು ಮಾತ್ರ ಬಡ್ಜಿಯ ಮೈಯಲ್ಲಿ ಎಲ್ಲೂ ಇಲ್ಲ. ಗರಿಯ ಎಳೆಗಳ ಒಳಗೆ ಸ್ಪಂಜಿನಂಥ ಅತಿ ಸೂಕ್ಷ್ಮ ರಚನೆಯೊಂದಿದೆ. ಬೆಳಕು ಅದಕ್ಕೆ ಬಡಿದಾಗ ನೀಲಿ ಭಾಗ ಮಾತ್ರ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ, ಉಳಿದದ್ದನ್ನು ಅದರಡಿಯ ಮೆಲನಿನ್ ಹೀರಿಕೊಳ್ಳುತ್ತದೆ. ನಂಬಿಕೆ ಬರದಿದ್ದರೆ ನಿಮ್ಮ ಹೆಣ್ಣು ಹಕ್ಕಿಯ ತಟ್ಟೆಯಲ್ಲಿ ಬಿದ್ದ ಎದೆಯ ಗರಿಯೊಂದನ್ನು ಎತ್ತಿಕೊಳ್ಳಿ. ಅಂಗೈ ಮೇಲಿಟ್ಟು ನೋಡಿದರೆ ತಿಳಿ ನೀಲಿ. ಅದನ್ನೇ ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡಿ, ನೀಲಿ ಮಾಯವಾಗಿ ಮಂಕು ಬೂದುಕಂದು ಕಾಣುತ್ತದೆ. ಹಸಿರು ಹಕ್ಕಿಯಲ್ಲಿ ಈ ನೀಲಿಯ ಮೇಲೆ ಹಳದಿ ಗಾಜು ಇಟ್ಟ ಹಾಗೆ ಹಳದಿ ಬಣ್ಣವಸ್ತು ಕೂತಿರುತ್ತದೆ. ಎರಡೂ ಸೇರಿ ಹಸಿರು.

ಈಗ ಒಂದೊಂದನ್ನೇ ತೆಗೆಯಿರಿ. ಹಳದಿ ತೆಗೆದರೆ ನೀಲಿ ಹಕ್ಕಿ, ಅದರ ಮುಖ ಬಿಳಿ. ಮೆಲನಿನ್ ತೆಗೆದರೆ ನೀಲಿಗೆ ಆಧಾರವಾಗಿದ್ದ ಕಪ್ಪು ಹಿನ್ನೆಲೆಯೇ ಹೋಗಿ ಹಳದಿ ಮಾತ್ರ ಉಳಿಯುತ್ತದೆ, ಕಣ್ಣಿನ ಕಪ್ಪೂ ಹೋಗಿ ರಕ್ತದ ಕೆಂಪು ಕಾಣುತ್ತದೆ. ಇದು ಲುಟಿನೋ. ಎರಡನ್ನೂ ತೆಗೆದರೆ ನಿಮ್ಮ ಮಡಕೆಯಲ್ಲಿರುವ ಆಲ್ಬಿನೋ. ಅಂದರೆ ಆಲ್ಬಿನೋ ಬೇರೆ ಜಾತಿಯಲ್ಲ, ನೀಲಿ ಹಕ್ಕಿಯೇ. ಅದರ ಕಪ್ಪು ಅಳಿಸಿಹೋಗಿದೆ, ಅಷ್ಟೇ.

ಹಳದಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಫ್ಲೆಮಿಂಗೋದಂಥ ಹಕ್ಕಿಗಳಿಗೆ ಬಣ್ಣ ಆಹಾರದಿಂದ ಬರುತ್ತದೆ. ಗಿಳಿ ಕುಲದ ಹಕ್ಕಿಗಳು ತಮ್ಮ ಹಳದಿಯನ್ನು ತಾವೇ ಮೈಯೊಳಗೆ ತಯಾರಿಸಿಕೊಳ್ಳುತ್ತವೆ. ಬಡ್ಜಿಯಲ್ಲಿ ಈ ಕೆಲಸ ಮಾಡುವ ಜೀನ್ ಯಾವುದೆಂದು 2017ರಲ್ಲಿ ಪತ್ತೆಯಾಯಿತು. ಆ ಜೀನ್ ತಯಾರಿಸುವ ಕಿಣ್ವದ 644ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಹಳದಿಯ ತಯಾರಿಕೆ ನಿಂತು ಹಕ್ಕಿ ನೀಲಿಯಾಗುತ್ತದೆ. ಹಾಗಾಗಿ ಕ್ಯಾರೆಟ್ ತುರಿದು ಹಾಕಿ, ಅರಿಶಿನ ಬೆರೆಸಿ ಹಕ್ಕಿಯ ಹಳದಿ ಹೆಚ್ಚಿಸುತ್ತೇನೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ಯಾರೆಟ್ ಕೊಡಿ, ಎ ವಿಟಮಿನ್‌ಗೆ ಒಳ್ಳೆಯದು. ಬಣ್ಣಕ್ಕಾಗಿ ಬೇಡ.

ಈಗ ನಿಮ್ಮ ಜೋಡಿಯ ಲೆಕ್ಕ. ಹಸಿರು ಪ್ರಬಲ, ನೀಲಿ ದುರ್ಬಲ. ನೀಲಿ ಹಕ್ಕಿ ಆಗಬೇಕಾದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡು ನೀಲಿ ಜೀನ್ ಬರಬೇಕು. ಒಂದೇ ಬಂದರೆ ಹಕ್ಕಿ ಹಸಿರಾಗಿಯೇ ಕಾಣುತ್ತದೆ, ನೀಲಿಯನ್ನು ಒಳಗೆ ಹೊತ್ತಿರುತ್ತದೆ. ಸಾಕುವವರು ಇದನ್ನು ಸ್ಪ್ಲಿಟ್ ಎನ್ನುತ್ತಾರೆ. ನಿಮ್ಮ ಗೂಡಿನಲ್ಲಿ ನೀಲಿ ಮರಿಗಳು ಬಂದಿವೆ. ಆದ್ದರಿಂದ ನಿಮ್ಮ ಹಸಿರು ಗಂಡು ನೀಲಿಗೆ ಸ್ಪ್ಲಿಟ್, ಇದರಲ್ಲಿ ಅನುಮಾನವಿಲ್ಲ. ಅದು ಶುದ್ಧ ಹಸಿರಾಗಿದ್ದರೆ ಒಂದು ಮರಿಯೂ ನೀಲಿ ಆಗುತ್ತಿರಲಿಲ್ಲ. ಇದಕ್ಕೆ ತಿರುಗುಮುರುಗು ನಿಯಮವೂ ಉಪಯೋಗಕ್ಕೆ ಬರುತ್ತದೆ: ಎರಡು ನೀಲಿ ಹಕ್ಕಿಗಳಿಗೆ ಹಸಿರು ಮರಿ ಎಂದೂ ಆಗುವುದಿಲ್ಲ.

ಕೆಂಪು ಕಣ್ಣಿನ ಜೀನ್, ಸಾಕುವವರ ಮಾತಿನಲ್ಲಿ ಇನೋ, ಇದಕ್ಕಿಂತ ಸ್ವಲ್ಪ ಬೇರೆ. ಅದು ಲಿಂಗ ನಿರ್ಧರಿಸುವ ವರ್ಣತಂತುವಿನ ಮೇಲೆ ಕೂತಿದೆ. ಮನುಷ್ಯರಲ್ಲಿ ಗಂಡಿಗೆ ಎಕ್ಸ್ ಒಂದೇ ಇರುವುದಾದರೆ ಹಕ್ಕಿಗಳಲ್ಲಿ ಅದು ತಲೆಕೆಳಗು. ಗಂಡಿಗೆ ಝಡ್ ಎರಡು, ಹೆಣ್ಣಿಗೆ ಒಂದೇ. ಆ ಒಂದೇ ಝಡ್ ಹೆಣ್ಣು ಮರಿಗೆ ಬರುವುದು ಅಪ್ಪನಿಂದ. ಅದರ ಮೇಲೆ ಇನೋ ಇದ್ದರೆ ಮುಚ್ಚಿಡಲು ಇನ್ನೊಂದು ಝಡ್ ಇಲ್ಲ, ಮರಿ ನೇರವಾಗಿ ಕೆಂಪು ಕಣ್ಣಿನದಾಗುತ್ತದೆ. ಗಂಡು ಮರಿ ಕೆಂಪು ಕಣ್ಣಿನದಾಗಬೇಕಾದರೆ ಅಮ್ಮನಿಂದಲೂ ಇನೋ ಬರಬೇಕು. ನಿಮ್ಮ ತಾಯಿ ಹಕ್ಕಿ ಕಪ್ಪು ಕಣ್ಣಿನ ಸಾಮಾನ್ಯ ನೀಲಿ. ಅದರ ಬಳಿ ಇನೋ ಇದ್ದಿದ್ದರೆ ಅದೇ ಬಿಳಿಯಾಗಿರುತ್ತಿತ್ತು, ಏಕೆಂದರೆ ಹೆಣ್ಣು ಹಕ್ಕಿ ಇನೋಗೆ ಸ್ಪ್ಲಿಟ್ ಆಗಲು ಸಾಧ್ಯವೇ ಇಲ್ಲ. ಹಾಗಾಗಿ ಇನೋ ಬಂದದ್ದು ಹಸಿರು ಅಪ್ಪನಿಂದ, ಬಿಳಿ ಮರಿ ಹೆಣ್ಣು.

ನೀವು ಸಾಧಾರಣ ಹಸಿರು ಹಕ್ಕಿ ಎಂದುಕೊಂಡು ತಂದ ಆ ಗಂಡು ಒಳಗೆ ನೀಲಿಯನ್ನೂ ಇನೋವನ್ನೂ ಹೊತ್ತಿದೆ. ಇದೇ ಜೋಡಿಗೆ ಮುಂದೆ ಆಗುವ ಪ್ರತಿ ಮರಿಯೂ ಕೆಂಪು ಕಣ್ಣಿನದಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅದರಲ್ಲಿ ಅರ್ಧ ಬಿಳಿ, ಅರ್ಧ ಹಳದಿ. ಮುಂದಿನ ಸಲ ಹಳದಿ ಮೈ, ಕೆಂಪು ಕಣ್ಣಿನ ಮರಿ ಬಂದರೆ ಆಶ್ಚರ್ಯಪಡಬೇಡಿ, ಅದೂ ಹೆಣ್ಣೇ. ಇದು ಸಾಧ್ಯತೆಯ ಲೆಕ್ಕ. ಐದು ಮರಿಗಳಲ್ಲಿ ಒಂದೂ ಬರದೆ ಹೋಗಬಹುದು, ಮೂರು ಬಂದರೂ ಬರಬಹುದು. ಮೊಟ್ಟೆ ಒಡೆದ ದಿನವೇ ಗುರುತು ಹಿಡಿಯಬಹುದು. ಗರಿ ಬರುವ ಮುಂಚೆ, ಕಣ್ಣು ಇನ್ನೂ ಮುಚ್ಚಿರುವಾಗಲೇ, ಸಾಮಾನ್ಯ ಮರಿಯ ರೆಪ್ಪೆಯ ತೆಳು ಚರ್ಮದ ಅಡಿಯಲ್ಲಿ ಕಪ್ಪು ಉಬ್ಬು ಕಾಣುತ್ತದೆ, ಇನೋ ಮರಿಯಲ್ಲಿ ಅದು ಗುಲಾಬಿ. ತಾಯಿ ಮಡಕೆಯಿಂದ ಹೊರಬಂದಾಗ ಒಂದು ಕ್ಷಣ ಟಾರ್ಚ್ ಹಿಡಿದು ನೋಡಿ, ಮರಿಗಳನ್ನು ಕೈಗೆತ್ತಿಕೊಳ್ಳುವ ಅಗತ್ಯವಿಲ್ಲ.

ಈ ಲೆಕ್ಕವೆಲ್ಲ ನಡೆಯುವುದು ಒಂದು ಪಂಜರದಲ್ಲಿ ಒಂದೇ ಜೋಡಿ ಇದ್ದಾಗ. ದೊಡ್ಡ ಪಂಜರದಲ್ಲಿ ಹತ್ತು ಹಕ್ಕಿ ಬಿಟ್ಟು, ಸಾಲಾಗಿ ಮಡಕೆ ಕಟ್ಟಿದವರ ಮನೆಯಲ್ಲಿ ಯಾವ ಮರಿಗೆ ಯಾವುದು ಅಪ್ಪ ಎಂದು ಯಾರೂ ಹೇಳಲಾರರು. ಜೋಡಿ ಕಟ್ಟಿಕೊಂಡ ಹೆಣ್ಣೂ ಬೇರೆ ಗಂಡಿನ ಜೊತೆ ಕೂಡುತ್ತದೆ. ಬಣ್ಣದ ಆಸಕ್ತಿ ಇದ್ದವರು ಜೋಡಿಗೊಂದು ಪಂಜರ ಇಟ್ಟು, ಒಂದು ನೋಟ್‌ಬುಕ್‌ನಲ್ಲಿ ತಂದೆ, ತಾಯಿ, ಮರಿ ಹುಟ್ಟಿದ ದಿನ, ಬಣ್ಣ ಬರೆದಿಡಲೇಬೇಕು. ನಿಮ್ಮ ಎರಡು ಹಸಿರು ಮರಿಗಳೂ ನೀಲಿಗೆ ಸ್ಪ್ಲಿಟ್ ಎಂದು ಇಂದೇ ಬರೆದಿಡಿ. ಅಮ್ಮನಿಂದ ಬರುವುದು ನೀಲಿ ಜೀನ್ ಮಾತ್ರ ಆದ್ದರಿಂದ ಅದು ಖಚಿತ. ಗಂಡು ಮರಿಗಳಲ್ಲಿ ಯಾವುದು ಇನೋ ಹೊತ್ತಿದೆ ಎಂಬುದು ಹೊರಗೆ ಗೊತ್ತಾಗುವುದಿಲ್ಲ. ಪ್ರತಿಯೊಂದಕ್ಕೂ ಸಾಧ್ಯತೆ ಅರ್ಧಕ್ಕರ್ಧ.

ಅಪ್ಪ ಅಥವಾ ಅಣ್ಣನ ಜೊತೆ ಜೋಡಿ ಹಾಕಬಹುದೇ ಎಂದು ಕೇಳಿದ್ದೀರಿ. ಬೇಡ. ಲೆಕ್ಕದ ಪ್ರಕಾರ ಅಪ್ಪನ ಜೊತೆ ಹಾಕಿದರೆ ಅರ್ಧದಷ್ಟು ಮರಿ ಕೆಂಪು ಕಣ್ಣಿನವೇ ಆಗುತ್ತವೆ, ಅದಕ್ಕೇ ಎಷ್ಟೋ ಜನ ಆ ದಾರಿ ಹಿಡಿಯುತ್ತಾರೆ. ಆದರೆ ರಕ್ತಸಂಬಂಧದಲ್ಲಿ ಬಣ್ಣದ ಜೀನ್ ಜೋಡಿಯಾದ ಹಾಗೆಯೇ ಒಳಗೆ ಅಡಗಿರುವ ದೋಷಗಳೂ ಜೋಡಿಯಾಗುತ್ತವೆ. ಮೊಟ್ಟೆಯೊಳಗೇ ಸಾಯುವ ಮರಿ, ಸಣ್ಣ ಮೈ, ನಿಶ್ಶಕ್ತಿ, ಹೀಗೆ ತಲೆಮಾರು ಕಳೆದಂತೆ ಹೆಚ್ಚುತ್ತಾ ಹೋಗುತ್ತದೆ. ಬಿಳಿ ಹಕ್ಕಿಗಳು ಸೂಕ್ಷ್ಮ ಎಂಬ ಮಾತು ಹುಟ್ಟಿದ್ದಕ್ಕೆ ಇನೋಗಿಂತ ಹೆಚ್ಚಿನ ಕಾರಣ ಈ ಒಳಜೋಡಿ ಎಂದೇ ನನ್ನ ಅಭಿಪ್ರಾಯ.

ಎರಡು ಒಳ್ಳೆಯ ದಾರಿಗಳಿವೆ. ಅವಸರವಿಲ್ಲದಿದ್ದರೆ, ನಿಮ್ಮ ಬಿಳಿ ಹೆಣ್ಣಿಗೆ ವರ್ಷ ತುಂಬಿದ ಮೇಲೆ ಬೇರೆ ಮನೆಯ, ಬಲವಾದ ಮೈಕಟ್ಟಿನ ನೀಲಿ ಗಂಡನ್ನು ತನ್ನಿ. ಆ ಗಂಡು ಇನೋ ಹೊತ್ತಿರದಿದ್ದರೆ ಮೊದಲ ತಲೆಮಾರಿನಲ್ಲಿ ಎಲ್ಲ ಮರಿಗಳೂ ಕಪ್ಪು ಕಣ್ಣಿನ ನೀಲಿ. ನಿರಾಶರಾಗಬೇಡಿ, ಅದರ ಗಂಡು ಮರಿಗಳೆಲ್ಲ ಇನೋಗೆ ಸ್ಪ್ಲಿಟ್. ಆ ಗಂಡುಗಳಿಗೆ ಸಂಬಂಧವಿಲ್ಲದ ನೀಲಿ ಹೆಣ್ಣು ತಂದರೆ ಅವುಗಳ ಹೆಣ್ಣು ಮರಿಗಳಲ್ಲಿ ಅರ್ಧ ಬಿಳಿ. ಬೇಗ ಬೇಕೆಂದರೆ ಒಂದು ಆಲ್ಬಿನೋ ಗಂಡು ತಂದು ಸಾಮಾನ್ಯ ನೀಲಿ ಹೆಣ್ಣಿನ ಜೊತೆ ಬಿಡಿ. ಹೆಣ್ಣು ಮರಿಗಳೆಲ್ಲ ಬಿಳಿ, ಗಂಡು ಮರಿಗಳೆಲ್ಲ ನೀಲಿ. ಈ ಜೋಡಿಯಲ್ಲಿ ಹುಟ್ಟಿದ ದಿನವೇ ಕಣ್ಣು ನೋಡಿ ಗಂಡು ಹೆಣ್ಣು ಹೇಳಬಹುದು, ಬಡ್ಜಿ ಸಾಕುವವರಿಗೆ ಇದು ದೊಡ್ಡ ಅನುಕೂಲ.

ಆಲ್ಬಿನೋ ಗಂಡು ಕೊಳ್ಳುವಾಗ ಒಂದು ಎಚ್ಚರ. ಕೊಕ್ಕಿನ ಮೇಲೆ ಮೂಗಿನ ಹೊಳ್ಳೆಗಳಿರುವ ಮಾಂಸಲ ಭಾಗಕ್ಕೆ ಸೀರ್ ಎನ್ನುತ್ತಾರೆ. ಸಾಮಾನ್ಯ ಬಡ್ಜಿಯಲ್ಲಿ ಬೆಳೆದ ಗಂಡಿನ ಸೀರ್ ಕಡು ನೀಲಿ, ಬೆಳೆದ ಹೆಣ್ಣಿನದು ಕಂದು ಅಥವಾ ಮಾಸಲು ಬಿಳಿ. ಇನೋ ಗಂಡಿಗೆ ಆ ನೀಲಿ ಬರುವುದಿಲ್ಲ, ಜೀವನಪೂರ್ತಿ ಗುಲಾಬಿ ನೇರಳೆಯಾಗಿಯೇ ಉಳಿಯುತ್ತದೆ. ಇದು ಗೊತ್ತಿಲ್ಲದೆ ಗಂಡನ್ನು ಹೆಣ್ಣೆಂದು ಮಾರುವವರೂ ಕೊಳ್ಳುವವರೂ ಬಹಳ. ನಿಮ್ಮ ಮರಿಯ ಸೀರ್ ಈಗ ತಿಳಿಯಾಗಿ, ಹೊಳ್ಳೆಗಳ ಸುತ್ತ ಬಿಳಿ ಉಂಗುರದಂತೆ ಕಾಣುತ್ತಿರಬೇಕು. ಬೆಳೆದ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ.

ಕಣ್ಣಿನಲ್ಲಿ ಮೆಲನಿನ್ ಇಲ್ಲದ ಕಾರಣ ಆಲ್ಬಿನೋಗೆ ಪ್ರಖರ ಬೆಳಕು ಚುಚ್ಚುತ್ತದೆ. ನಮ್ಮ ದಾವಣಗೆರೆ, ಚಿತ್ರದುರ್ಗದ ಏಪ್ರಿಲ್ ಬಿಸಿಲು ಯಾವ ಬಡ್ಜಿಗೂ ಹಿತವಲ್ಲ, ಇದಕ್ಕಂತೂ ಪಂಜರದ ಅರ್ಧ ಭಾಗ ಸದಾ ನೆರಳಿರಬೇಕು. ತಾರಸಿಯ ಮೇಲೆ, ತಗಡಿನ ಕೆಳಗೆ ಪಂಜರ ಇಡಬೇಡಿ. ಆಹಾರಕ್ಕೆ ನಾವು ದೂರ ಹೋಗಬೇಕಿಲ್ಲ. ಹೊರಗಿನವರು ಪ್ಯಾಕೆಟ್‌ನಲ್ಲಿ ದುಡ್ಡು ಕೊಟ್ಟು ತರಿಸುವ ತೆನೆ ನಮ್ಮ ನವಣೆಯದೇ. ಜಗಳೂರು, ಹೊಸದುರ್ಗದ ಕಡೆಯ ರೈತರ ಪರಿಚಯವಿದ್ದರೆ ಔಷಧಿ ಹೊಡೆಯದ ನವಣೆ ತೆನೆ ಕೇಳಿ ತನ್ನಿ. ತೆನೆ ಕಟ್ಟಿದ ತಕ್ಷಣ ಮರಿಗಳು ತಲೆಕೆಳಗಾಗಿ ಜೋತು ಬಿದ್ದು ಕಾಳು ಬಿಡಿಸುವುದನ್ನು ನೋಡುವುದೇ ಒಂದು ಸಂತೋಷ. ಕಾಳಷ್ಟೇ ಸಾಲದು, ನುಗ್ಗೆಸೊಪ್ಪು, ಕೊತ್ತಂಬರಿ, ಬೇಯಿಸಿದ ಮೊಟ್ಟೆಯ ಚೂರು ಬೇಕು. ಮಕ್ಕಳು ಒಗ್ಗರಣೆ ಮಂಡಕ್ಕಿ ಹಾಕದಂತೆ ನೋಡಿಕೊಳ್ಳಿ, ಉಪ್ಪು ಮತ್ತು ಎಣ್ಣೆ ಅಷ್ಟು ಸಣ್ಣ ಜೀವಕ್ಕೆ ಕೆಡುಕು.

ಇನ್ನು ವಯೊಲೆಟ್. ಹಸಿರು, ನೀಲಿ ಎರಡೂ ಸಾಲುಗಳಲ್ಲಿ ಬಣ್ಣವನ್ನು ಗಾಢ ಮಾಡುವ ಡಾರ್ಕ್ ಫ್ಯಾಕ್ಟರ್ ಎಂಬುದೊಂದಿದೆ. 1915ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡದ್ದು. ಒಂದು ಬಂದರೆ ಹಸಿರು ಕಡುಹಸಿರಾಗುತ್ತದೆ, ಎರಡು ಬಂದರೆ ಆಲಿವ್. ನೀಲಿಯಲ್ಲಿ ಒಂದು ಬಂದರೆ ಕೋಬಾಲ್ಟ್, ಎರಡು ಬಂದರೆ ಮಾವ್ ಎಂಬ ಮಂಕು ನೀಲಿಬೂದು. ವಯೊಲೆಟ್ ಇನ್ನೊಂದು ಪ್ರತ್ಯೇಕ ಜೀನ್. ಕಣ್ಣು ಸೆಳೆಯುವ ಆ ನಿಜವಾದ ನೇರಳೆ ಬರುವುದು ಮುಖ್ಯವಾಗಿ ಕೋಬಾಲ್ಟ್ ಮೈಯ ಮೇಲೆ ವಯೊಲೆಟ್ ಸೇರಿದಾಗ. ಹಸಿರು ಹಕ್ಕಿಯಲ್ಲಿ ವಯೊಲೆಟ್ ಇದ್ದರೂ ನೇರಳೆಯಾಗಿ ಕಾಣುವುದಿಲ್ಲ, ಕಡುಹಸಿರು ಎಂದೇ ತೋರುತ್ತದೆ. ಅಂಗಡಿಯಲ್ಲಿ ವಯೊಲೆಟ್ ಬೆಲೆಗೆ ಬರೀ ಕೋಬಾಲ್ಟ್ ಮಾರುವುದು ಸಾಮಾನ್ಯ. ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಹೊರಗಿನ ಬೆಳಕಿಗೆ ತಂದು, ಸಾಧ್ಯವಾದರೆ ಒಂದು ಕೋಬಾಲ್ಟ್ ಪಕ್ಕದಲ್ಲೇ ಇಟ್ಟು ಹೋಲಿಸಿ. ಹಾಗೆಯೇ ಮಾವ್ ಮತ್ತು ಗ್ರೇ ಹಕ್ಕಿಗಳನ್ನು ಬೇರೆ ಮಾಡಲು ಮೈ ಬೇಡ, ಕೆನ್ನೆ ಮತ್ತು ಬಾಲ ಸಾಕು: ಮಾವ್‌ನ ಕೆನ್ನೆ ನೇರಳೆ, ಉದ್ದ ಬಾಲ ಕಡುನೀಲಿ. ಗ್ರೇಯ ಕೆನ್ನೆ ಬೂದು, ಬಾಲ ಕಪ್ಪು.

ರೈನ್‌ಬೋ ಒಂದು ಬಣ್ಣವಲ್ಲ. ನೀಲಿ ಹಕ್ಕಿಗೆ ಹಳದಿ ಮುಖ, ಓಪಲೈನ್ (ತಲೆ, ಬೆನ್ನಿನ ಗೆರೆ ಕಡಿಮೆಯಾಗಿ ಮೈಬಣ್ಣ ರೆಕ್ಕೆಗೂ ಹರಡುವ ಬಗೆ), ಬಿಳಿ ರೆಕ್ಕೆ ಮೂರೂ ಕೂಡಿದಾಗ ಆ ಹೆಸರು. ಚೆಂದವಾಗಿರುತ್ತದೆ, ಆದರೆ ಅಷ್ಟೂ ಜೀನ್‌ಗಳು ಒಟ್ಟಿಗೆ ಮರಿಗೆ ದಾಟುವುದು ಅಪರೂಪ. ರೈನ್‌ಬೋ ತಂದವರಿಗೆ ರೈನ್‌ಬೋ ಮರಿಗಳೇ ಬರುತ್ತವೆ ಎಂಬ ಭರವಸೆಯನ್ನು ನಂಬಿ ಹೆಚ್ಚು ಹಣ ಕೊಡಬೇಡಿ. ಈ ಹಳದಿ ಮುಖದ ಜೀನ್‌ನಲ್ಲಿ ಒಂದು ಬಗೆ ಇನ್ನೊಂದು ಗೊಂದಲ ಹುಟ್ಟಿಸುತ್ತದೆ. ಮೊದಲ ಸಲ ಗರಿ ಉದುರಿ ಹೊಸತು ಬಂದಾಗ ಹಳದಿ ಮುಖದಿಂದ ಎದೆಗೆ ಇಳಿದು, ನೀಲಿಯ ಜೊತೆ ಬೆರೆತು ಸಮುದ್ರಹಸಿರು ಕಾಣುತ್ತದೆ. ನೋಡಿದವರು ಹಸಿರು ಹಕ್ಕಿ ಎನ್ನುತ್ತಾರೆ, ಆದರೆ ಅದು ನೀಲಿ ಸಾಲಿನದು.

ಬಿಳಿ ಹಕ್ಕಿ ಕೊಳ್ಳುವಾಗಲೂ ಇದೇ ತೊಂದರೆ. ಬಿಳಿಯೆಲ್ಲ ಆಲ್ಬಿನೋ ಅಲ್ಲ. 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಸ್ಪ್ಯಾಂಗಲ್ ಎಂಬ ಜೀನ್ ಎರಡು ಸೇರಿದರೆ ನೀಲಿ ಸಾಲಿನ ಹಕ್ಕಿ ಪೂರ್ತಿ ಬಿಳಿಯಾಗುತ್ತದೆ, ಆದರೆ ಅದರ ಕಣ್ಣು ಕಪ್ಪು, ಬೆಳೆದ ಮೇಲೆ ಸುತ್ತ ಬಿಳಿ ಉಂಗುರ ಬರುತ್ತದೆ. ಕಪ್ಪು ಕಣ್ಣು ಇದ್ದು ಉಂಗುರವೇ ಬರದಿದ್ದರೆ ಅದು ಡಾರ್ಕ್ ಐಡ್ ಕ್ಲಿಯರ್. ಕೆಂಪು ಕಣ್ಣು, ಬಿಳಿ ಮೈಯ ಮೇಲೆ ತೆಳು ಕಂದು ಗೆರೆಗಳಿದ್ದರೆ ಲೇಸ್‌ವಿಂಗ್. ಮೂರನ್ನೂ ಆಲ್ಬಿನೋ ಎಂದು ಮಾರುವುದನ್ನು ನೋಡಿದ್ದೇನೆ. ಇವುಗಳನ್ನು ನಿಮ್ಮ ಹೆಣ್ಣಿನ ಜೊತೆ ಹಾಕಿದರೆ ನೀವು ಎಣಿಸಿದ ಫಲ ಬರುವುದಿಲ್ಲ. ಗುಲಾಬಿ ಅಥವಾ ಕೆಂಪು ಬಡ್ಜಿ ಎಂದು ಯಾರಾದರೂ ತೋರಿಸಿದರೆ ಅದು ಬಣ್ಣ ಹಚ್ಚಿದ್ದು. ಕೆಂಪು ಬಣ್ಣವಸ್ತು ಬಡ್ಜಿಯ ಗರಿಯಲ್ಲಿ ಇಲ್ಲವೇ ಇಲ್ಲ. ಅಂಥ ಹಕ್ಕಿಯನ್ನು ಕೊಳ್ಳಬೇಡಿ, ಡೈ ಹಚ್ಚುವಾಗ ಅವು ಪಡುವ ಹಿಂಸೆ ನಿಲ್ಲುವುದು ಗಿರಾಕಿ ಇಲ್ಲದಾಗ ಮಾತ್ರ.

ಬಣ್ಣ ಯಾವುದೇ ಇರಲಿ, ಕೊಳ್ಳುವ ಮುನ್ನ ಪಂಜರದಿಂದ ಸ್ವಲ್ಪ ದೂರ ನಿಂತು ನೋಡಿ. ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿದೆಯೇ, ಹಿಂಭಾಗದ ಗರಿ ಹಿಕ್ಕೆಯಿಂದ ಅಂಟಿದೆಯೇ, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತಿದೆಯೇ, ಕೊಕ್ಕಿನ ಬುಡದಲ್ಲಿ ಸುಣ್ಣದಂಥ ಪೊರೆ ಇದೆಯೇ. ಆ ಪೊರೆ ಒಂದು ಬಗೆಯ ನುಸಿಯದು, ಚಿಕಿತ್ಸೆ ಇದೆ, ಆದರೆ ನಿಮ್ಮ ಮರಿಗಳಿಗೂ ಅಂಟುತ್ತದೆ. ಮನೆಗೆ ತಂದ ಹೊಸ ಹಕ್ಕಿಯನ್ನು ಒಂದು ತಿಂಗಳಾದರೂ ಬೇರೆ ಕೋಣೆಯಲ್ಲೇ ಇಡಿ. ನಿಮ್ಮ ಗಂಡಿನ ನೀಲಿ ಸೀರ್ ಎಂದಾದರೂ ಕಂದು ಬಣ್ಣಕ್ಕೆ ತಿರುಗಿದರೆ ಅದನ್ನು ಬಣ್ಣದ ವೈವಿಧ್ಯ ಎಂದುಕೊಳ್ಳಬೇಡಿ, ವೃಷಣದ ಗಡ್ಡೆಯ ಲಕ್ಷಣ ಆಗಿರಬಹುದು. ಊರಿನಲ್ಲಿ ಹಕ್ಕಿ ನೋಡುವ ವೈದ್ಯರು ಸಿಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ, ಹೋಗುವಾಗ ಪಂಜರದ ತಳದ ಕಾಗದವನ್ನು ಬದಲಾಯಿಸದೆ ಹಾಗೆಯೇ ಒಯ್ಯಿರಿ, ಹಿಕ್ಕೆ ನೋಡುವುದು ತಪಾಸಣೆಗೆ ಸಹಾಯವಾಗುತ್ತದೆ.